ಹಾನಿ ಇಲ್ಲ

ಕತಾರಿನ ಅಲ್ ವುಕೈರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ನಲ್ಲಿಗೂ ಬರುವುದು ಒಂದೇ ಟ್ಯಾಂಕಿನ ನೀರಾದರೂ ಅದರ ನಾಮಾವಳಿ ದೊಡ್ಡದು. ಎದುರು ಮನೆಯ ಕೇರಳದವರಿಗೆ ಅದು ವೆಳ್ಳಂ. ಮೇಲಿನ ಮನೆಯ ಈಜಿಪ್ಟಿನವರಿಗೆ ಮಯ್ಯ, ಅದನ್ನು ಕೇಳಿದಾಗಲೆಲ್ಲ ಯಾರೋ ಉಡುಪಿಯ ಕಡೆಯವರನ್ನು ಕರೆಯುತ್ತಿದ್ದಾರೆಂದು ನಾನು ತಿರುಗಿ ನೋಡುವುದುಂಟು. ಇಂಥ ಸಂತೆಯಲ್ಲಿ ಬದುಕಿ ಬದುಕಿ ನಾನೂ ಒಬ್ಬ ಭಾಷಾಪಂಡಿತನೆಂಬ ಭ್ರಮೆ ತಲೆಗೇರಿತ್ತು. ಅದನ್ನು ಇಳಿಸಿದ್ದು ಬಂಗಾಳಿ.

ಬಂಗಾಳಿಯಲ್ಲಿ ನನ್ನ ಗುರು, ಹಮದ್ ಬಂದರಿನ ನಮ್ಮ ಕಚೇರಿಯ ಕೊಲ್ಕತ್ತದ ಸಹೋದ್ಯೋಗಿ. ನಾವು ಸುವ್ರತ ಎನ್ನಬಹುದಾದ ಅವರು ತಮ್ಮನ್ನು ಸುಬ್ರೊತೊ ಎಂದು ಕರೆದುಕೊಳ್ಳುತ್ತಾರೆ. ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡಂತೆ ತುಟಿ ಗುಂಡಗೆ ಮಾಡಿದರೆ ಸಂಸ್ಕೃತವೆಲ್ಲ ತಾನಾಗಿ ಬಂಗಾಳಿಯಾಗುತ್ತದೆಂದು ನಾನು ಅವರಿಂದ ಗ್ರಹಿಸಿದ್ದೆ. ಜಲ ಜೊಲ್ ಆಯಿತು. ಮರೆಯದಿರಲೆಂದು ‘ಜೊಲ್ಲು’ ಎಂದು ನೆನಪಿಟ್ಟುಕೊಂಡೆ.

ಆ ವಾರ ನನ್ನ ತಾಯಿ ಮೈಸೂರಿನಿಂದ ಮೊದಲ ಸಲ ಕತಾರಿಗೆ ಬರುವವರಿದ್ದರು. ವಿದ್ಯಾಗೆ, ಅಂದರೆ ನನ್ನ ಹೆಂಡತಿಗೆ, ಜೀವವೇ ಹಿಡಿಯಾಗಿತ್ತು. ಅವಳು ಪುತ್ತೂರಿನ ತುಳು ಮನೆಯವಳು. ಮದುವೆಯಾದಾಗಿನಿಂದ ಅವಳ ಕನ್ನಡವನ್ನು ನನ್ನಮ್ಮ ತಿದ್ದುತ್ತಲೇ ಬಂದಿದ್ದಾರೆ. ಮಾತಿನ ನಡುವೆ ಒಂದು ತುಳು ಪದ ನುಸುಳಿದರೂ ಅಮ್ಮನ ಹುಬ್ಬು ಮೇಲೇಳುತ್ತದೆ. ಈ ಸಲವಾದರೂ ಅತ್ತೆ ತನ್ನನ್ನು ಮನೆಯವಳೆಂದುಕೊಳ್ಳಬೇಕು, ಒಂದು ಕೊಂಕೂ ಬರಬಾರದು ಎಂಬುದು ಅವಳ ಆಸೆ.

ಅಮ್ಮ ಬರುವ ಹಿಂದಿನ ದಿನ, ನಮ್ಮ ಕಟ್ಟಡ ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ಬಾಂಗ್ಲಾದೇಶದ ನೋವಾಖಾಲಿಯ ಜಸೀಮ್ ಲಿಫ್ಟಿನ ಬಳಿ ನನ್ನನ್ನು ತಡೆದ. “ಸಾರ್, ಶುಕ್ರಬಾರ್ ಟಾಂಕಿ ಸಾಫ್. ಹಾನಿ ನಾಇ,” ಎಂದ. ಶುಕ್ರವಾರ ಟ್ಯಾಂಕ್ ತೊಳೆಯುತ್ತಾರೆ, ಹಾನಿಯೇನೂ ಇಲ್ಲ. ಆಹಾ, ಎಂಥ ಸಂಸ್ಕೃತಭೂಯಿಷ್ಠ ಬಂಗಾಳಿ! ನೀರಿನ ಮಾತಾಗಿದ್ದರೆ ಜೊಲ್ ಎನ್ನುತ್ತಿದ್ದನಲ್ಲ? “ಬಹುತ್ ಅಚ್ಛಾ,” ಎಂದು ಅವನ ಬೆನ್ನು ತಟ್ಟಿ ಬಂದೆ.

ಶುಕ್ರವಾರ ಬೆಳಿಗ್ಗೆ ನಲ್ಲಿ ಬುಸ್ಸೆಂದಿತು. ಸ್ನಾನವಾಗದೆ ಕಾಫಿ ಮುಟ್ಟದ ನನ್ನಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಾಲಿನಲ್ಲಿ ಕುಳಿತರು. ವಿದ್ಯಾಳ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ನೋಡಲಾಗದೆ ನಾನು ಜಸೀಮನನ್ನು ಕರೆಸಿದೆ. ಸಾರ್‌ಗೆ ಹೇಳಿದ್ದೆ, ಸಾರ್ ಬಹಳ ಸಂತೋಷಪಟ್ಟರು ಎಂದು ಅವನು ನನ್ನನ್ನೇ ತೋರಿಸಿದ. ಏನು ಹೇಳಿದ್ದೆ ಎಂದರೆ ಮತ್ತೆ ಅದೇ, ಹಾನಿ ನಾಇ. ಸುಬ್ರೊತೊರಿಗೆ ಫೋನು ಮಾಡಿ ಅವನ ಕೈಗೆ ಕೊಟ್ಟೆ. ಅವರು ಆಲಿಸಿ, ಆಲಿಸಿ, ನೋವಾಖಾಲಿಯವರು ವೇಗವಾಗಿ ಮಾತಾಡಿದರೆ ತಮಗೂ ಅರ್ಧಂಬರ್ಧ ಎಂದು ಕೈಚೆಲ್ಲಿದರು.

ಅಷ್ಟರಲ್ಲಿ ವಿದ್ಯಾ ಕಣ್ಣೊರೆಸಿಕೊಂಡು ನಗತೊಡಗಿದಳು. “ಅವ್ರು ಹೇಳಿದ್ದು ಪಾನಿ ಮಾರಾಯ್ರೆ! ನಾವು ಪಿಲಿ ಅಂದ್ರೆ ನೀವು ಹುಲಿ ಅಂತೀರಿ, ನಾವು ಪೂ ಅಂದ್ರೆ ನೀವು ಹೂ. ಅವ್ರ ಊರಲ್ಲೂ ನಿಮ್ಮ ಹಾಗೆಯೇ ಪ ಹೋಗಿ ಹ ಆಗಿದೆ.”

ಜಸೀಮ್ ಜೋರಾಗಿ ತಲೆಯಾಡಿಸಿದ. ಕೊಲ್ಕತ್ತದವರ ಜೊಲ್ ಅವನ ದೇಶದಲ್ಲಿ ಪಾನಿಯಂತೆ. ಹಳಗನ್ನಡದ ಪಾಲನ್ನು ಹಾಲು ಮಾಡಿ ಕುಡಿದು ಬೆಳೆದ ನನಗೆ, ಪಾನಿಯನ್ನು ಹಾನಿ ಮಾಡಿದ ಈ ದೂರದ ದಾಯಾದಿ ಹೊಳೆಯದೇ ಹೋದನಲ್ಲ! ನಾಚಿಕೆಯಾಯಿತು, ನಗುವೂ ಬಂತು. ಅವನು ಕೆಳಗೆ ಹೋಗಿ ತುಂಬಿಸಿಟ್ಟಿದ್ದ ಎರಡು ಕ್ಯಾನ್ ನೀರು ತಂದುಕೊಟ್ಟ.

ಅಮ್ಮನ ಸ್ನಾನವಾಯಿತು. ತಲೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು, ಸೊಸೆಯತ್ತ ತಿರುಗಿ, ಹಾಲಿಗೆ ನಿಮ್ಮ ತುಳುವಿನಲ್ಲಿ ಏನಂತೀರಿ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಅಂಥದ್ದನ್ನು ಕೇಳಿದ್ದೇ ಇಲ್ಲ. ತಿದ್ದಿಸಿಕೊಳ್ಳುವ ಭಯದಲ್ಲೇ ವಿದ್ಯಾ ಮೆಲ್ಲಗೆ, “ಪೇರ್, ಅತ್ತೆ,” ಎಂದಳು.

ಅಮ್ಮ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತರು.

“ಸರಿ. ನಂಗೊಂದ್ ಲೋಟ ಕಾಫಿ ಮಾಡಮ್ಮ. ಪೇರ್ ಸ್ವಲ್ಪ ಜಾಸ್ತೀನೇ ಇರ್ಲಿ.”