ಸೂಪಾ ಹಿನ್ನೀರಿನಲ್ಲಿ ಕೆಂಪು ಸ್ವೆಟರ್

ಹಳಿಯಾಳ ತಾಲೂಕಿನ ಸಿದ್ದಿ ಕೇರಿಯಲ್ಲಿ ಹುಟ್ಟಿದ ಡಯಾನಾಳಿಗೆ ಈಜು ಯಾರೂ ಕಲಿಸಿದ್ದಲ್ಲ. ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗಲೆಲ್ಲ ಮುಳುಗು ಹಾಕಿ ತಳದ ಕಲ್ಲು ಹೆಕ್ಕಿ ತರುತ್ತಿದ್ದಳು. ದೊಡ್ಡವಳಾದ ಮೇಲೆ ದಾಂಡೇಲಿಯ ರಾಫ್ಟಿಂಗ್ ಕ್ಯಾಂಪಿಗೆ ಕೆಲಸಕ್ಕೆ ಸೇರಿದಳು. ಅಲ್ಲಿಂದ ಕರಾವಳಿಯ ಒಂದು ಸ್ಕೂಬಾ ಕೇಂದ್ರಕ್ಕೆ. ಸಮುದ್ರದಡಿ ಪ್ರವಾಸಿಗರ ವಿಡಿಯೋ ತೆಗೆಯುವುದು ಅವಳ ಪಾಲಿಗೆ ಬಂದ ಕೆಲಸ.

ಮೊದಮೊದಲು ಅವಳು ತೆಗೆದದ್ದೆಲ್ಲ ನೀಲಿ ಬಳಿದಂತೆ ಬರುತ್ತಿತ್ತು. ಕೆಂಪು ಮೀನು ಬೂದು ಬಣ್ಣವಾಗಿ, ನಗುವ ಮುಖಗಳು ಸತ್ತವರ ಮುಖದಂತೆ ಕಾಣುತ್ತಿದ್ದವು. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನೇ ನುಂಗುತ್ತದೆಂದು ಅಲ್ಲಿನ ಹಿರಿಯ ಡೈವರ್ ಇಬ್ರಾಹಿಂ ತಿಳಿಸಿಕೊಟ್ಟ. ಆಳ ಬದಲಾದಾಗಲೆಲ್ಲ ಬಿಳಿ ಹಲಗೆಯೊಂದನ್ನು ಕ್ಯಾಮೆರಾಕ್ಕೆ ತೋರಿಸಿ ಬಣ್ಣ ಸರಿಪಡಿಸಿಕೊಳ್ಳಬೇಕು. ಇನ್ನೂ ಕೆಳಗಿಳಿದರೆ ಬೆಳಕನ್ನು ಜೊತೆಗೇ ಒಯ್ಯಬೇಕು. ಡಯಾನಾ ಅದನ್ನು ಶ್ರದ್ಧೆಯಿಂದ ಕಲಿತಳು.

ಹೋದ ಚಳಿಗಾಲ ರಜೆಗೆಂದು ಊರಿಗೆ ಬಂದಿದ್ದಾಗ ಕ್ಯಾಂಪಿನ ಹಳೆಯ ಗೆಳೆಯರಿಂದ ಕರೆ ಬಂತು. ದಾಂಡೇಲಿಯ ಬಂಗೂರನಗರದ ಈಶಪ್ಪ ಎಂಬ ಕಾರ್ಮಿಕ ಗಾಳ ಹಾಕಲು ಜೋಯಿಡಾ ಕಡೆಯ ಸೂಪಾ ಅಣೆಕಟ್ಟಿನ ಹಿನ್ನೀರಿಗೆ ಹೋಗಿದ್ದ. ಗಾಳಿಗೆ ತೆಪ್ಪ ಮಗುಚಿತ್ತು. ಮುಳುಗಿದವನು ಮೇಲೆ ಬಂದಿರಲಿಲ್ಲ. ಅಗ್ನಿಶಾಮಕ ದಳದವರು ದೋಣಿಯಲ್ಲಿ ಹುಡುಕುತ್ತಿದ್ದರು. ಡಯಾನಾ ತನ್ನ ಕ್ಯಾಮೆರಾ, ಬಾಡಿಗೆಯ ಗಾಳಿಯ ಸಿಲಿಂಡರ್ ಹೊತ್ತು ಹೊರಟಳು.

ನೀರಿನಡಿ ಹಿಂದೆಂದೋ ಮುಳುಗಿದ ಕಾಡಿನ ಮರಗಳು ಎಲೆಯಿಲ್ಲದೆ ನಿಂತಿದ್ದವು. ಮಣ್ಣಿನ ಕಣಗಳು ತೇಲುತ್ತಿದ್ದುದರಿಂದ ಟಾರ್ಚ್ ಹಾಕಿದರೆ ಕಣ್ಣ ಮುಂದೆ ಬರೀ ಬಿಳಿ ಮಂಜು. ಆರಿಸಿಬಿಟ್ಟಳು. ಸಿಲಿಂಡರಿನ ಗಾಳಿ ತೀರುತ್ತ ಬರುವವರೆಗೆ ಚಿತ್ರೀಕರಿಸಿ ಮೇಲೆ ಬಂದಳು.

ದಡದಲ್ಲಿ ಈಶಪ್ಪನ ಹೆಂಡತಿ ಅನ್ನಪೂರ್ಣಾ, ಅಣ್ಣ ಶೇಖಪ್ಪ ಕೂತಿದ್ದರು. ವಿಡಿಯೋದಲ್ಲಿ ಒಂದು ಕಡೆ, ದೂರದಲ್ಲಿ, ಕೊಂಬೆಗಳ ಸಂದಿಯಲ್ಲಿ ಬಟ್ಟೆಯಂಥದ್ದೇನೋ ಕಂಡಿತು. ಕಪ್ಪಿಗೆ ತಿರುಗಿದ ಹಸಿರು.

"ಇದಲ್ಲ ಬಿಡ್ರಿ," ಎಂದ ಶೇಖಪ್ಪ. "ನನ್ನ ತಮ್ಮ ಹಾಕ್ಕೊಂಡಿದ್ದು ಕೆಂಪ ಸ್ವೆಟರ್. ಇದು ಯಾವುದೋ ಹಳೇ ತಾಡಪತ್ರಿ. ಆಚಿ ದಂಡಿಗೆ ನೋಡ್ರಿ."

ದೋಣಿಗಳು ಆಚೆ ದಡಕ್ಕೆ ತಿರುಗಿದವು. ಡಯಾನಾ ಮಾತ್ರ ಆ ತುಣುಕನ್ನೇ ಮತ್ತೆ ಮತ್ತೆ ನೋಡಿದಳು. ಬಿಳಿ ಹಲಗೆ ತೋರಿಸಿರಲಿಲ್ಲ, ಬೆಳಕೂ ಇರಲಿಲ್ಲ. ಅಷ್ಟು ಆಳದಲ್ಲಿ ಕೆಂಪು ಕೆಂಪಾಗಿ ಉಳಿಯುವುದಾದರೂ ಹೇಗೆ? ಎದ್ದು ಅನ್ನಪೂರ್ಣಾಳ ಬಳಿ ಹೋಗಿ ಕೂತಳು.

"ಅಕ್ಕಾರ, ಆ ಸ್ವೆಟರ್ ಅಂಗಡೀದೇನ್ರಿ?"

"ಇಲ್ಲವಾ ತಂಗಿ. ನಾನ ಹೆಣದಿದ್ದೆ."

"ಅದರ ನೂಲು ಉಳದೈತೇನ್ರಿ ಮನ್ಯಾಗ?"

ಯಾಕೆಂದು ಅನ್ನಪೂರ್ಣಾ ಕೇಳಲಿಲ್ಲ. ಮನೆಯಲ್ಲಿದ್ದ ಅತ್ತೆ ಮುದಕವ್ವನಿಗೆ ಫೋನ್ ಮಾಡಿಸಿದಳು. ಮರುದಿನ ಬೆಳಿಗ್ಗೆ ಉಲ್ಲನ್ನಿನ ಉಂಡೆ ಬಂತು, ಕುಂಕುಮದಷ್ಟು ಕೆಂಪು.

ಡಯಾನಾ ಒಂದೆಳೆಯನ್ನು ಮುಂಗೈಗೆ ಸುತ್ತಿಕೊಂಡು ಇಳಿದಳು. ಇಳಿದಂತೆ ಅದು ಕಂದಿತು, ಕಾಫಿಯ ಬಣ್ಣಕ್ಕೆ ಬಂತು, ಆ ಮರದ ಬಳಿ ಮುಟ್ಟುವಷ್ಟರಲ್ಲಿ ಕೊಂಬೆಯ ಸಂದಿಯ ಬಟ್ಟೆಗೂ ಮುಂಗೈಯ ನೂಲಿಗೂ ವ್ಯತ್ಯಾಸವೇ ಉಳಿಯಲಿಲ್ಲ. ತೀರಾ ಸಮೀಪ ಹೋಗಿ, ಕೆಸರು ಕದಡದಂತೆ ಕೈಚಾಚಿ, ಟಾರ್ಚ್ ಒತ್ತಿದಳು.

ಎರಡೂ ಒಟ್ಟಿಗೆ ಕೆಂಪಾದವು.

ಮೇಲೆ ಬಂದು ಅವಳು ಶೇಖಪ್ಪನಿಗೆ ವಿಡಿಯೋ ತೋರಿಸಿದಳು. ಮೊದಲು ಕತ್ತಲೆಯ ಬಣ್ಣ, ಆಮೇಲೆ ಬೆಳಕು ಬಿದ್ದ ಗಳಿಗೆ. ಶೇಖಪ್ಪ ನೋಡುತ್ತಾ ನೋಡುತ್ತಾ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ದಳದವರು ಹಗ್ಗ ಹಿಡಿದರು. ಡಯಾನಾ ಮತ್ತೆ ಇಳಿದು ಕೊಂಬೆಗಳನ್ನು ಬಿಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಈಶಪ್ಪ ದಡಕ್ಕೆ ಬಂದ.

ಅನ್ನಪೂರ್ಣಾ ಎಲ್ಲರೂ ಅಂದುಕೊಂಡಂತೆ ಬೋರಾಡಿ ಅಳಲಿಲ್ಲ. ಗಂಡನ ತೋಳ ಮೇಲೆ ಸರಿದಿದ್ದ ಸ್ವೆಟರನ್ನು ಮಣಿಕಟ್ಟಿನವರೆಗೂ ಎಳೆದು ಸರಿಮಾಡಿದಳು. ಆಮೇಲೆ ಡಯಾನಾಳತ್ತ ತಿರುಗಿದಳು.

"ಒಳಗ ಭಾಳ ಕತ್ತಲ ಐತೇನವಾ?"

ಡಯಾನಾಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. "ಪೂರಾ ಕತ್ತಲ ಇಲ್ರಿ ಅಕ್ಕಾರ. ಹಸರ ಬೆಳಕ ಐತಿ. ತಲಿ ಎತ್ತಿದ್ರ ಬಿಸಲು ಕಾಣ್ತೈತಿ."

ಅನ್ನಪೂರ್ಣಾ ತಲೆಯಾಡಿಸಿದಳು. ಆಗಲೇ ಅವಳ ಕಣ್ಣು ತುಂಬಿ ಬಂದದ್ದು. ಡಯಾನಾಳ ತಣ್ಣಗಿನ ಕೈಗಳನ್ನು ತನ್ನ ಸೆರಗಿನೊಳಗೆ ತೆಗೆದುಕೊಂಡು, ಬೆಚ್ಚಗಾಗುವವರೆಗೂ ತಿಕ್ಕಿದಳು.

ಡಯಾನಾ ಈಗಲೂ ಕರಾವಳಿಯಲ್ಲೇ ದುಡಿಯುತ್ತಾಳೆ, ಪ್ರವಾಸಿಗರ ನಗು ಚಿತ್ರೀಕರಿಸುತ್ತಾಳೆ. ನೀರಿನಲ್ಲಿ ಯಾರಾದರೂ ಕಾಣೆಯಾದರೆ ದಾಂಡೇಲಿಯಿಂದ ಅವಳಿಗೇ ಕರೆ ಬರುತ್ತದೆ. ಹೊರಡುವ ಮುಂಚೆ ಅವಳು ಕಾಣೆಯಾದವರ ಮನೆಯವರನ್ನು ಮೊದಲು ಕೇಳುವುದು ಒಂದೇ ಮಾತು: "ಹಾಕ್ಕೊಂಡಿದ್ದ ಅರಬಿ ಯಾವ ಬಣ್ಣದ್ದು ಇತ್ತರಿ?"