ನಕ್ಕರೆ ಬೀಳುವ ಕಾಂಚನ

ಐನಾಪುರದ ಕಾಂಚನ ಜೋರಾಗಿ ನಕ್ಕಳೆಂದರೆ ಮೊಣಕಾಲು ಕುಸಿದು ನೆಲಕ್ಕೆ ಬೀಳುತ್ತಾಳೆ. ಏಳನೇ ಇಯತ್ತೆಯಿಂದಲೂ ಹೀಗೆಯೇ. ಜೊತೆಗೆ ಹೊತ್ತಿಲ್ಲದ ಹೊತ್ತಿನ ನಿದ್ದೆ: ಪಾಠದ ನಡುವೆ, ತುತ್ತು ಎತ್ತಿದಾಗ, ಒಮ್ಮೆ ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳದಲ್ಲೇ. ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು, ನಿಂತೇ ನಿದ್ದೆ ಹೋದಳು. ಅವ್ವ ಅಕ್ಕುತಾಯಿ ದೃಷ್ಟಿ ತೆಗೆದು ತೆಗೆದು ಸೋತಳು.

ಡಿಗ್ರಿ ಓದುವಾಗ ಮಿರಜಿನ ಡಾಕ್ಟರೊಬ್ಬರು ತಲೆಗೆಲ್ಲ ವೈರು ಅಂಟಿಸಿ ಪರೀಕ್ಷಿಸಿ, ಇದು ನಾರ್ಕೊಲೆಪ್ಸಿ, ಮಿದುಳಿಗೆ ಸಂಬಂಧಿಸಿದ ನಿದ್ದೆಯ ಕಾಯಿಲೆ, ನಕ್ಕಾಗ ಬೀಳುವುದೂ ಅದರದೇ ಲಕ್ಷಣ ಎಂದರು.

"ನಾ ಆಲಸಿ ಅಲ್ಲಂತ ಚೀಟಿ ಬರದ ಕೊಡ್ರಿ ಸಾಹೇಬ್ರ," ಎಂದಳು ಕಾಂಚನ. ಕೊಟ್ಟರು. ಖುಷಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಸಿದಳು.

ಈಗ ಆಕೆ ಊರಿನ ವಾಚನಾಲಯ ನೋಡಿಕೊಳ್ಳುತ್ತಾಳೆ. ಗುಳಿಗೆ ಉಂಟು, ಮಧ್ಯಾಹ್ನ ಇಪ್ಪತ್ತು ನಿಮಿಷದ ನಿದ್ದೆ ಉಂಟು. ಆಗ ಬಾಗಿಲಿಗೊಂದು ಪಾಟಿ: "ಮೇಡಂ ಮಲಗ್ಯಾರ. ಒಂದೂವರಿಗೆ ಬರ್ರಿ." ರಜೆಯ ದಿನ ಶಾಲೆಗಳಿಗೆ ಹೋಗಿ ನಿದ್ದೆಯ ಕಾಯಿಲೆಗಳ ಬಗ್ಗೆ ಮಾತಾಡುತ್ತಾಳೆ.

ಕಳೆದ ವರ್ಷ ಸತ್ತಿ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಹೇಳಿದಳು: "ನಾ ಬಿದ್ದರ ನೀರ ಸುರೀಬ್ಯಾಡ್ರಿ, ಉಳ್ಳಾಗಡ್ಡಿ ಮೂಗಿಗೆ ಹಿಡೀಬ್ಯಾಡ್ರಿ. ತಲಿಗೆ ಪೆಟ್ಟಾಗದಂಗ ನೋಡ್ರಿ, ಅಷ್ಟ. ನನಗ ಎಲ್ಲಾ ಕೇಳಸ್ತಿರತೈತಿ."

ಮೇಘಾ ಎಂಬ ಹುಡುಗಿ ಎದ್ದು ಕೇಳಿದಳು, "ಲಗ್ನದಾಗೂ ಬಿದ್ದಿದ್ರೇನ್ರಿ?"

"ಬಿದ್ದಿದ್ದೆ! ಮಾಲಿ ಹಾಕೂಮುಂದ ನಮ್ಮನಿಯವರ ಚಷ್ಮಾ ಅದಕ್ಕ ಸಿಕ್ಕೊಂಡ ಹಾರಿತು. ನಾ ನಕ್ಕೆ. ಫೋಟೊದಾಗ ಅವರೊಬ್ಬರ ನಿಂತಾರ!"

ಮಕ್ಕಳು ಹೋ ಎಂದು ನಕ್ಕವು. ಕಾಂಚನಳೂ ನಕ್ಕಳು, ಬಿದ್ದಳು. ಹೆಡ್‌ಮಾಸ್ತರ ಮುರಗೆಪ್ಪ ಅಡುಗೆಮನೆಗೆ ಓಡಿ ಉಳ್ಳಾಗಡ್ಡಿ ಹಿಡಿದು ಬಂದರು. ಮೇಘಾ ಆಗಲೇ ಕಾಂಚನಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಸರ್, ಅದನ್ನ ಒಯ್ದ ಸಾರಿಗೆ ಹಾಕ್ರಿ!"

ಮಲಗಿದಲ್ಲೇ ಅದನ್ನು ಕೇಳಿಸಿಕೊಂಡು ಕಾಂಚನಳಿಗೆ ಒಳಗೊಳಗೇ ಮತ್ತೆ ನಗು. ಎರಡು ನಿಮಿಷದಲ್ಲಿ ಏಳಬೇಕಾದವಳಿಗೆ ಏಳಲು ಐದು ನಿಮಿಷ ಹಿಡಿಯಿತು.

ಎದ್ದ ಮೇಲೆ ಮುರಗೆಪ್ಪ ಮೆಲ್ಲಗೆ ಹೇಳಿದರು: "ಪೂನಮ ಅಂತ ಒಬ್ಬಾಕಿ ದಿನಾ ಕ್ಲಾಸಿನ್ಯಾಗ ತೂಕಡಸ್ತಾಳ್ರಿ. ನಾ ಹೊರಗ ನಿಲ್ಲಸ್ತೀನಿ."

ಕಾಂಚನ ಪೂನಮಳನ್ನೂ ಅವಳ ಅವ್ವನನ್ನೂ ಮಿರಜಿಗೆ ಕರೆದೊಯ್ದಳು. ಬಸ್ಸಿನಲ್ಲಿ ಕಾಂಚನ, ಪೂನಮ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ಮಲಗಿದರು. ಅವ್ವನೇ ಎಬ್ಬಿಸಿ ಇಳಿಸಿದಳು. ಪೂನಮಳದು ಬೇರೆಯದೇ ಕಾಯಿಲೆ: ಗಂಟಲಲ್ಲಿ ಟಾನ್ಸಿಲ್ ಬೆಳೆದು ಮಲಗಿದಾಗ ಉಸಿರು ಕಟ್ಟುತ್ತಿತ್ತು. ಆಪರೇಶನ್ ಆಯಿತು.

ತಿಂಗಳೆರಡಾದ ಮೇಲೆ ಮುರಗೆಪ್ಪ ಫೋನು ಮಾಡಿದರು. "ಮೇಡಂ, ಮದಲ ಅಕಿ ಕಣ್ಣ ತೆರೀತಿರಲಿಲ್ಲ. ಈಗ ಬಾಯಿ ಮುಚ್ಚವಲ್ಲಳು!"

ಆಮೇಲೆ ಅಥಣಿಯಲ್ಲಿ ನಡೆದ ಮಾಸ್ತರರ ಸಭೆಗೆ ಅವರೇ ಕಾಂಚನಳನ್ನು ಕರೆದೊಯ್ದರು. ಆಕೆಗಿಂತ ಮುಂಚೆ ತಾವೇ ಎದ್ದು ನಿಂತು, ಕಾಯಿಲೆಯ ಹುಡುಗಿಯನ್ನು ಒಂದು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ಎಲ್ಲರೆದುರು ಹೇಳಿದರು.