ಸರ್ವಿಸ್ ಮೋಟಾರಿನ ಹಿಂಬಾಗಿಲು

ನಾನು ಮಾಡಿದ ಮೊದಲ ಮೂರು ಮಾದರಿ ಮೋಟಾರುಗಳಿಗೆ ತೆರೆಯುವ ಬಾಗಿಲು ಇರಲಿಲ್ಲ. ಬಾಗಿಲು ಇರಬೇಕಾದ ಕಡೆ ಚಾಕುವಿನ ಮೊನೆಯಿಂದ ಗೆರೆ ಕೊರೆದು, ಸಣ್ಣ ಹಿತ್ತಾಳೆ ಮೊಳೆಯೊಂದನ್ನು ಹಿಡಿಕೆಯ ಹಾಗೆ ಬಡಿದು, ಬಣ್ಣ ಹಚ್ಚಿಬಿಡುತ್ತಿದ್ದೆ. ನೋಡುವವರಿಗೆ ಅಷ್ಟು ಸಾಕಿತ್ತು. ನನಗೂ ಸಾಕಿತ್ತು.

ಧಾರವಾಡದಲ್ಲಿ ಬಿ.ಎ. ಮುಗಿಸಿ ಹುನಗುಂದದ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದಿದ್ದೆ. ಐವತ್ತರ ದಶಕದ ನಡುವಿನ ಮಾತು. ಸರ್ಕಾರದ ಹೊಸ ಬಸ್ಸುಗಳು ದೊಡ್ಡ ರಸ್ತೆಗಳಿಗೆ ಒಂದೊಂದೇ ಬರುತ್ತಿದ್ದವು. ಇಳಕಲ್ಲಿನಿಂದ ಗುಡೂರಿನ ಮೇಲೆ ಬಾದಾಮಿಗೆ ಹೋಗುವ ದಾರಿಯಲ್ಲಿ ಮಾತ್ರ ಯುದ್ಧಕ್ಕಿಂತ ಮೊದಲಿನ ಹಳೆಯ ಖಾಸಗಿ ಸರ್ವಿಸ್ ಮೋಟಾರುಗಳೇ ಓಡುತ್ತಿದ್ದವು. ಪರದೇಶದಿಂದ ಎಂಜಿನ್ನು, ಗಾಲಿಗಳು ಬಂದರೆ ಅದರ ಮೇಲಿನ ಮನೆಯನ್ನೆಲ್ಲ ನಮ್ಮ ಊರುಗಳ ಬಡಿಗರೇ ಕಟ್ಟಿರುತ್ತಿದ್ದರು. ಸಾಗವಾನಿಯ ಚೌಕಟ್ಟು, ಅದರ ಮೇಲೆ ತಗಡು, ಕಿಟಕಿಗೆ ಗಾಜಿನ ಬದಲು ಮೂರು ಅಡ್ಡ ಸಲಾಕೆ, ಜನ ಹತ್ತಿಳಿಯಲು ಹಿಂದೆ ಒಂದೇ ಬಾಗಿಲು. ಇನ್ನು ಕೆಲವು ವರ್ಷಗಳಲ್ಲಿ ಇವು ಒಂದೂ ಉಳಿಯುವುದಿಲ್ಲ ಎನ್ನಿಸಿ ಅವುಗಳ ಮಾದರಿ ಮಾಡತೊಡಗಿದೆ. ಒಂದು ಅಡಿಗೆ ಒಂದು ಇಂಚು, ಅದರಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು ಎಂಬ ಹಟ. ಇಳಕಲ್ಲಿನಲ್ಲಿ ಮಗ್ಗ ಮಾಡುವ ಬಡಿಗರೊಬ್ಬರು ತುಂಡು ಕಟ್ಟಿಗೆ ಕೊಡುತ್ತಿದ್ದರು. ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಮೈ ಹೊದಿಸುತ್ತಿದ್ದೆ. ಸಂಜೆ ಸಾಲೆ ಬಿಟ್ಟ ಮೇಲೆ ಮೋಟಾರು ನಿಲ್ಲುವಲ್ಲಿ ಟೇಪು ಹಿಡಿದು ತಿರುಗುವ ನನ್ನನ್ನು ನೋಡಿ ಜನ ನಗುತ್ತಿದ್ದರು.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದವನು ಆ ದಾರಿಯ ಕಂಡಕ್ಟರ್. ಬೇವೂರಿನವನು, ನಲವತ್ತು ದಾಟಿದವನು. ಸಾಲೆಯ ಮುಖ ಕಂಡವನಲ್ಲ. ಕಾಗದದ ಮೇಲಿನ ಅಕ್ಷರಕ್ಕೆ, ಅದನ್ನು ಓದಬಲ್ಲವರಿಗೆ ಅವನು ಕೊಡುತ್ತಿದ್ದ ಮರ್ಯಾದೆ ನೋಡಿದರೆ ನನಗೆ ಮುಜುಗರವಾಗುತ್ತಿತ್ತು. ಅಳತೆಗೆಂದು ಗಾಡಿಯ ಕೆಳಗೆ ನುಸುಳಿದರೆ ತಾನೂ ನುಸುಳಿ ಟೇಪಿನ ತುದಿ ಹಿಡಿಯುತ್ತಿದ್ದ. ನಾನು ಮಾಡಿದ ಮೂರನೆಯ ಮೋಟಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೇಳಿದ್ದ:

“ಮಾಸ್ತರ, ಇದು ಪೆಟ್ರೋಲ್ ಕುಡೀದ ನಿಂತ ಗಾಡಿ. ನಮ್ಮ ಮಾಲಕರಿಗೆ ತೋರಿಸಬ್ಯಾಡ್ರಿ. ಇಂಥಾದ್ದ ನಾಕ ಮಾಡಿಕೊಡ ಅಂತಾರ.”

ಆ ದಿನ ನಾನು ಇಳಕಲ್ಲಿನಲ್ಲಿ ಹತ್ತಿದೆ, ಬಾದಾಮಿಗೆ ಹೊರಟಿದ್ದೆ. ಕೆಲಸವೇನೂ ಇರಲಿಲ್ಲ. ಆ ಗಾಡಿಯ ಒಳಗಿನ ಅಳತೆ ಬೇಕಾಗಿತ್ತು. ಬೆಂಚಿನ ಮೇಲೆ ಕುಳಿತು ಕಿಟಕಿಯಿಂದ ಕಿಟಕಿಗೆ ಗೇಣು ಹಾಕುತ್ತಿದ್ದಾಗ, ಮಹಾಕೂಟಕ್ಕೆ ಹೊರಟಿದ್ದ ಇಳಕಲ್ಲಿನ ನೇಕಾರರ ಮನೆಯ ಹೆಂಗಸು ಎಲ್ಲಕ್ಕಿಂತ ಮುಂದಿನ ಬೆಂಚಿನಿಂದ ತಿರುಗಿ ನೋಡಿದಳು.

“ಯಣ್ಣಾ, ಅಳದ ಅಳದ ಎಲ್ಲಿಗೆ ಒಯ್ಯಾಂವಪಾ ಈ ಮೋಟಾರು?”

“ಮನೀಗೆ ಒಯ್ತೇನಿ ತಂಗೀ.”

“ಒಯ್ಯಿ. ನಾವು ಇಳಿಯೂತನಕಾ ಇರಲಿ, ಆಮ್ಯಾಲ ಒಯ್ಯಿ.”

ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ.

ಗುಡೂರು ದಾಟಿ ಏರು ಹತ್ತುವಾಗ ಎಂಜಿನ್ ನಿಂತಿತು. ಡ್ರೈವರ್ ಇಳಿದು ಮುಂದಿನ ಮುಚ್ಚಳ ಎತ್ತಿದ. ಕಂಡಕ್ಟರ್ ಹಿಂದಿನ ಗಾಲಿಗೆ ಕಲ್ಲು ಕೊಡಲು ಇಳಿದವನು ಬಾಗಿಲನ್ನು ಎಳೆದು ಮುಚ್ಚಿ ಹೋದ. ಡ್ರೈವರ್ ಬಾಟಲಿಯಿಂದ ಎಂಜಿನ್ನಿಗೆ ಪೆಟ್ರೋಲ್ ಹನಿಸುತ್ತಿದ್ದ. ಅದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ಬೆಂಕಿ ಹೇಗೆ ಹೊತ್ತಿತೋ ನಾನು ನೋಡಲಿಲ್ಲ. ಮುಂದಿನ ಹಲಗೆಗಳ ಸಂದಿಯಿಂದ ಮೊದಲು ಹೊಗೆ ಬಂತು, ಆಮೇಲೆ ನೀಲಿ ಬೆಳಕು.

ನಾನು ಹಿಂದಿನ ಬೆಂಚಿನಲ್ಲಿದ್ದುದರಿಂದ ಬಾಗಿಲಿಗೆ ಎಲ್ಲರಿಗಿಂತ ಮೊದಲು ತಲುಪಿದೆ. ಎರಡೂ ಅಂಗೈ ಇಟ್ಟು ನೂಕಿದೆ. ಅದು ಅಲುಗಲಿಲ್ಲ. ಹಿಂದಿನಿಂದ ಇಪ್ಪತ್ತು ಜನ ಬಂದು ನನ್ನ ಬೆನ್ನಿಗೆ ಬಿದ್ದರು. ನನ್ನ ಕೆನ್ನೆ ಹಲಗೆಗೆ ಒತ್ತಿಕೊಂಡಿತು. ಹಲಗೆಯ ಆ ಕಡೆಯಿಂದ ಧಡ್ ಧಡ್ ಎಂದು ಸದ್ದು ಬರುತ್ತಿತ್ತು, ಕಂಡಕ್ಟರನ ಕೂಗು ಕೇಳುತ್ತಿತ್ತು. “ಹಿಂದ ಸರೀರಿ, ಹಿಂದ ಸರೀರಿ” ಎನ್ನುತ್ತಿದ್ದ. ಹಿಂದೆ ಬೆಂಕಿಯಿತ್ತು. ಹಿಂದೆ ಸರಿಯೆಂದರೆ ಯಾರು ಸರಿದಾರು? ಅವನು ಹೊರಗಿನಿಂದ ಚಿಲಕ ಹಾಕಿಬಿಟ್ಟಿದ್ದಾನೆ, ಈಗ ತೆಗೆಯಲು ಬಡಿಯುತ್ತಿದ್ದಾನೆ ಎಂದು ನಾನು ತಿಳಿದೆ. ತಿಳಿದದ್ದಷ್ಟೇ ಅಲ್ಲ, ಬಾಯಿ ಬಿಟ್ಟು “ಚಿಲಕಾ ಹಾಕ್ಯಾನ” ಎಂದು ಕೂಗಿದೆ. ಅದನ್ನು ಕೇಳಿ ಜನ ಇನ್ನೂ ಜೋರಾಗಿ ನೂಕಿದರು.

ಹೊಲದಲ್ಲಿದ್ದ ಇಬ್ಬರು ಕೊಡಲಿ ತಂದು ಬಾಗಿಲನ್ನು ಸೀಳಿದರು. ಮೊದಲು ಹೊರಗೆ ಬಿದ್ದವನು ನಾನು. ಒಬ್ಬರ ಮೇಲೊಬ್ಬರು ಬಿದ್ದೆವು. ಮಹಾಕೂಟಕ್ಕೆ ಹೊರಟಿದ್ದ ಆ ಹೆಂಗಸು ಎಲ್ಲರಿಗಿಂತ ಮುಂದಿನ ಬೆಂಚಿನವಳು, ಆದ್ದರಿಂದ ಎಲ್ಲರಿಗಿಂತ ಹಿಂದೆ ಉಳಿದಿದ್ದಳು. ಎತ್ತಿ ತಂದಾಗ ಮೈಮೇಲೆ ಸುಟ್ಟ ಗಾಯ ಹೆಚ್ಚಿರಲಿಲ್ಲ. ಉಸಿರಿರಲಿಲ್ಲ. ಮೈಯೆಲ್ಲ ಸುಟ್ಟಿದ್ದ ಡ್ರೈವರ್ ಬಾಗಲಕೋಟೆಯ ದವಾಖಾನೆಯಲ್ಲಿ ನಾಲ್ಕನೆಯ ದಿನ ತೀರಿಕೊಂಡ.

ಹಾಗಾಗಿ ಜವಾಬು ಕೇಳುವುದಕ್ಕೆ ಉಳಿದವನು ಕಂಡಕ್ಟರ್ ಒಬ್ಬನೇ.

ಹುನಗುಂದದ ಠಾಣೆಯ ಫೌಜದಾರರು ನನ್ನ ಜಬಾನಿ ಬರೆದುಕೊಂಡರು. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಕೇಳಿದಾಗ, ಹೊರಗಿನಿಂದ ಚಿಲಕ ಹಾಕಿತ್ತು, ಅದನ್ನು ಬಡಿದು ತೆಗೆಯುವ ಸದ್ದನ್ನು ನಾನು ಕೇಳಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ.

“ಆ ಮೋಟಾರು ಇಂಚಿಂಚು ಅಳದವರು ನೀವು. ನಿಮಗಿಂತ ಹೆಚ್ಚು ಯಾರಿಗೆ ಗೊತ್ತಿರ್ತೈತ್ರಿ?” ಎಂದರು.

ಉಳಿದವರ ಜಬಾನಿಯಲ್ಲೂ ಅದೇ ಬಂತು. ಚಿಲಕ ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಕೊಡಲಿ ತಂದವರೂ ಆ ಹೊಗೆಯಲ್ಲಿ ಅದನ್ನು ನೋಡಿರಲಿಲ್ಲ. ಮಾಸ್ತರರು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಕಂಡಕ್ಟರನನ್ನು ಹಿಡಿದು ಬಾಗಲಕೋಟೆಯ ಜೈಲಿನಲ್ಲಿಟ್ಟರು.

ಎರಡು ತಿಂಗಳ ಮೇಲೆ ಫೌಜದಾರರೇ ಹೇಳಿಕಳಿಸಿದರು. ಗಾಡಿಯಲ್ಲಿ ಯಾರು ಎಲ್ಲಿದ್ದರು, ಬಾಗಿಲು ಎಲ್ಲಿತ್ತು ಎಂದು ಕೋರ್ಟಿನಲ್ಲಿ ತೋರಿಸಲು ಒಂದು ಮಾದರಿ ಬೇಕು. “ಬಾಗಲಾ ತಗದು ಹಾಕೂ ಹಂಗ ಇರಲಿ” ಎಂದೂ ಸೇರಿಸಿದರು. ನಾನು ಒಪ್ಪಿದೆ. ಕಟ್ಟಿಗೆ ಕೆತ್ತುತ್ತ ಕುಳಿತರೆ ಕಿವಿಯಲ್ಲಿ ಉಳಿದ ಆ ಧಡ್ ಧಡ್ ಸದ್ದು ನಿಂತೀತು ಎಂಬ ಆಸೆ ಇತ್ತೇನೋ.

ಮೈ ಆಯಿತು, ಬೆಂಚುಗಳಾದವು, ಕಿಟಕಿಯ ಸಲಾಕೆಗಳೂ ಆದವು. ಬಾಗಿಲಿನ ಅಳತೆಯ ಹಲಗೆ ಕೊಯ್ದು ಇಳಕಲ್ಲಿನ ಬಡಿಗರ ಮುಂದಿಟ್ಟೆ, ಬಾಗಿಲು ತಿರುಗುವ ಅಷ್ಟು ಸಣ್ಣ ಬಿಜಾಗರಿ ಕೂಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಹಲಗೆ ಕೈಗೆತ್ತಿಕೊಂಡು ಕೇಳಿದರು:

“ಒಳಗ ತಗೀಯೂದೋ, ಹೊರಗ ತಗೀಯೂದೋ?”

ನನಗೆ ಗೊತ್ತಿರಲಿಲ್ಲ.

ಆ ಬಾಗಿಲಿನಿಂದ ಎಷ್ಟು ಸಲ ಹತ್ತಿ ಇಳಿದಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಂಡಕ್ಟರ್ ಮೊದಲೇ ತೆರೆದು ನಿಂತಿರುತ್ತಿದ್ದ. ಬಾಗಿಲಿನ ಎತ್ತರ, ಅಗಲ, ಹಲಗೆಯ ದಪ್ಪ ಎಲ್ಲ ನನ್ನ ವಹಿಯಲ್ಲಿದ್ದವು. ಅದು ಯಾವ ಕಡೆ ತಿರುಗುತ್ತದೆ ಎಂದು ನಾನು ಬರೆದುಕೊಂಡಿರಲಿಲ್ಲ. “ಹೊರಗ ಇರಬೇಕ್ರಿ” ಎಂದೆ.

“ಇರಬೇಕು ಅಂದ್ರ ಹೆಂಗ ಮಾಸ್ತರ, ಕೋರ್ಟಿಗೆ ಒಯ್ಯೂದದು. ಗಾಡಿ ಎಲ್ಲಿ ಐತಿ? ನೋಡೂಣು ನಡೀರಿ.”

ಸುಟ್ಟ ಗಾಡಿ ಹುನಗುಂದದ ಠಾಣೆಯ ಹಿತ್ತಲಲ್ಲಿ ಬಿದ್ದಿತ್ತು. ಮುಂದಿನ ಅರ್ಧ ಕರಿಕಲಾಗಿತ್ತು. ಹಿಂಬಾಗಿಲಿನ ಹಲಗೆಗಳನ್ನು ಯಾರೋ ಒಲೆಗೆ ಒಯ್ದಿದ್ದರು, ಚಿಲಕವೂ ಅವುಗಳ ಜೊತೆ ಹೋಗಿತ್ತು. ಚೌಕಟ್ಟು ಮಾತ್ರ ನಿಂತಿತ್ತು. ಬಡಿಗರು ಅದರ ಮೇಲೆ ಹೆಬ್ಬೆರಳು ಎಳೆದರು. ಬಿಜಾಗರಿ ಕೂಡಿಸಲು ಕೊರೆದ ಗುರುತು ಒಳಮೈಯಲ್ಲಿತ್ತು. ಬಾಗಿಲು ತಗುಲಿ ನಿಲ್ಲುವ ಪಟ್ಟಿ ಹೊರಮೈಯಲ್ಲಿತ್ತು.

“ಒಳಗ ಬರೂ ಬಾಗಲಾರಿ ಇದು. ಮನಿ ಕಟ್ಟೂ ಬಡಿಗ್ಯಾನ ಕೈ” ಎಂದರು. “ಮನಿ ಬಾಗಲಾ ಯಾರಾರ ಹೊರಗ ತಗದ ಹಂಗ ಕೂಡಸ್ತಾರೇನ್ರಿ? ಅಂವಾ ಮೋಟಾರಿಗೂ ಹಂಗ ಕೂಡಿಸ್ಯಾನ, ಪಾಪ. ಹೊರಗ ತಗದ್ರ ಆ ನಿಚ್ಚಣಿಕಿಗೆ ಬಡೀತಿತ್ತು ಮತ್ತ.” ಗಾಡಿಯ ಮೇಲ್ಛಾವಣಿಗೆ ಸಾಮಾನು ಏರಿಸುವ ಏಣಿ ಅಲ್ಲೇ ಬಾಗಿಲಿನ ಮಗ್ಗುಲಿಗಿತ್ತು.

ಆಮೇಲೆ ಅವರು ಏನೇನು ಹೇಳಿದರೋ ನನಗೆ ಕೇಳಲಿಲ್ಲ. ಒಳಗೆ ತೆರೆಯುವ ಬಾಗಿಲನ್ನು ಇಪ್ಪತ್ತು ಜನ ಒಳಗಿನಿಂದ ಹೊರಕ್ಕೆ ನೂಕಿದ್ದೆವು. ಎಲ್ಲರ ಮುಂದೆ, ಎರಡೂ ಅಂಗೈ ಊರಿ, ಬಿ.ಎ. ಪಾಸಾದ ನಾನು ನಿಂತಿದ್ದೆ. ಆ ಕಡೆಯಿಂದ ಅವನು ತನ್ನ ಭುಜದಿಂದ ಬಾಗಿಲನ್ನು ಒಳಕ್ಕೆ ನೂಕುತ್ತಿದ್ದ. “ಹಿಂದ ಸರೀರಿ” ಎಂದು ಅದಕ್ಕೇ ಕೂಗುತ್ತಿದ್ದ. ನಾನು ಕೇಳಿದ ಧಡ್ ಧಡ್ ಸದ್ದು ಕಟ್ಟಿಗೆಗೆ ಮೈ ಬಡಿಯುವ ಸದ್ದು. ಅದರಲ್ಲಿ ಕಬ್ಬಿಣದ ಸದ್ದು ಇತ್ತೇ? ಆ ದಿನದಿಂದ ಇವತ್ತಿನವರೆಗೆ ಕಿವಿಗೊಡುತ್ತಲೇ ಇದ್ದೇನೆ. ಕೇಳಿಸುವುದು ಕಟ್ಟಿಗೆ ಮಾತ್ರ.

ಬಡಿಗರು ಆ ಪುಟ್ಟ ಬಾಗಿಲನ್ನು ಒಳಗೆ ತೆರೆಯುವಂತೆ ಕೂಡಿಸಿಕೊಟ್ಟರು. ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಫೌಜದಾರರ ಹತ್ತಿರ ಓಡಿದೆ. ನನ್ನ ಜಬಾನಿ ತಪ್ಪು, ಬದಲಿಸಿಕೊಳ್ಳಿ ಎಂದೆ. ಅವರು ಬಾಗಿಲನ್ನು ಬೆರಳಿನಿಂದ ಒಳಕ್ಕೆ ನೂಕಿ ನೋಡಿದರು.

“ಛಲೋ ಮಾಡೀರಿ. ಆದ್ರ ಅಂವಾ ಕಬೂಲ ಆಗ್ಯಾನಲ್ರಿ, ಚಿಲಕಾ ನಾನ ಹಾಕಿದ್ನಿ ಅಂತ. ಹೆಬ್ಬಟ್ಟ ಒತ್ಯಾನ. ಒಳಗ ತಗಿಯೂ ಬಾಗಲಕ್ಕ ಹೊರಗಿಂದ ಚಿಲಕಾ ಹಾಕಾಕ ಬರೂದಿಲ್ಲೇನು?”

ಬರುತ್ತದೆ.

ಮರುದಿನ ಬಾಗಲಕೋಟೆಗೆ ಹೋಗಿ ಕಂಡಕ್ಟರನನ್ನು ಕಂಡೆ. ಮೈ ಇಳಿದಿತ್ತು. ಬಲ ಭುಜದ ಮೇಲೆ ತರಚಿ ಮಾಗಿದ ಗಾಯದ ಕಲೆ ಉಳಿದಿತ್ತು. ಬಾಗಿಲು ಒಳಕ್ಕೆ ತೆರೆಯುತ್ತದೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಯಾರು ಕೇಳ್ಯಾರ್ರಿ? ದಿನಾ ತಗದಾಂವ ನಾ, ನನಗ ಗೊತ್ತಿಲ್ಲೇನು? ಎಲ್ಲಾರೂ ಚಿಲಕದ್ದ ಕೇಳಿದ್ರು.”

“ಮತ್ತ ಚಿಲಕಾ ಹಾಕಿದ್ನಿ ಅಂತ ಯಾಕ ಅಂದಿ? ಹಾಕಿದ್ದಿ ಏನು?”

ಅವನು ತನ್ನ ಬಲಗೈ ಎತ್ತಿ ನೋಡಿಕೊಂಡ.

“ಮಂದಿ ಒಳಗ ಇದ್ದಾಗ ನಾ ಹಾಕಾಂವಲ್ರಿ. ಆದ್ರ ಅವತ್ತ ನೂಕಿದ್ನಿ, ಬಾಗಲಾ ಹೋಗಲಿಲ್ಲ. ಹೊಗಿಯೊಳಗ ಕಣ್ಣ ಕಾಣವಲ್ಲದು. ಒಳಗಿಂದ ನೀವು ಚಿಲಕಾ ಹಾಕ್ಯಾನ ಅಂದಿದ್ದು ಕೇಳಿಸ್ತು. ಮಾಸ್ತರ ಅಂತಾರಂದ್ರ ಹಾಕೀನೇ ಇರಬೇಕು, ಮರತೀನಿ ಅಂತ ಕೈಲೆ ತಡವಿದ್ನಿ, ಸಿಗಲಿಲ್ಲ. ಮತ್ತ ನೂಕಿದ್ನಿ.” ಆಮೇಲೆ ಅಂದ: “ಈಗ ಕಣ್ಣ ಮುಚ್ಚಿದ್ರ ನನ್ನ ಕೈ ಚಿಲಕಾ ಹಾಕೂದು ಸ್ವಚ್ಛ ಕಾಣಸ್ತೈತ್ರಿ.”

“ನೀ ಹಾಕಿಲ್ಲೋ. ನೂಕಿದಾಂವ ನಾನು. ನಾವು ನೂಕಿದ್ದಕ್ಕ ಅದು ತಗೀಲಿಲ್ಲ.”

“ಹಂಗ ಅನಬ್ಯಾಡ್ರಿ. ನೀವು ಓದಿದವರು. ಅಂಥಾ ಹೊತ್ತಿನ್ಯಾಗೂ ಕಿವಿ ಸುದ್ದ ಇಟ್ಟ ಕೇಳೀರಿ.”

ಎಷ್ಟು ಹೇಳಿದರೂ ಅವನು ಅದರಿಂದ ಕದಲಲಿಲ್ಲ. ಬೀಜಗಣಿತದ ಲೆಕ್ಕಗಳನ್ನು ಹುಡುಗರ ತಲೆಗೆ ತುಂಬುತ್ತಿದ್ದ ನಾನು, ನನ್ನದೇ ಒಂದು ಕೂಗನ್ನು ಅವನ ತಲೆಯಿಂದ ತೆಗೆಯಲಾರದೆ ಹೋದೆ.

ಕೋರ್ಟಿನಲ್ಲಿ ಮಾದರಿಯನ್ನು ಮೇಜಿನ ಮೇಲಿಟ್ಟರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಚಿಲಕದ ಸದ್ದು ಕೇಳಿಲ್ಲ, ಹಾಗೆ ಊಹಿಸಿದ್ದೆ, ಬಾಗಿಲನ್ನು ಮುಚ್ಚಿ ಹಿಡಿದದ್ದು ನಮ್ಮ ಭಾರ, ಮೊದಲು ನೂಕಿದವನು ನಾನು ಎಂದೆ. ಮ್ಯಾಜಿಸ್ಟ್ರೇಟರು ಪೆನ್ಸಿಲ್ಲಿನ ತುದಿಯಿಂದ ಆ ಬಾಗಿಲನ್ನು ನೂಕಿ, ಎಳೆದು, ಮತ್ತೆ ನೂಕಿದರು. ಸರ್ಕಾರಿ ವಕೀಲರು ಎದ್ದು, ಆರೋಪಿ ನಿಮಗೆ ಎಷ್ಟು ವರ್ಷದ ಪರಿಚಯ ಎಂದು ಕೇಳಿದರು. ಮೂರು ವರ್ಷ ಎಂದೆ. ಈ ಬೊಂಬೆ ಮೋಟಾರುಗಳಿಗೆ ಟೇಪು ಹಿಡಿಯುತ್ತಿದ್ದವನು ಅವನೇ ಅಲ್ಲವೇ ಎಂದರು. ಹೌದು ಎಂದೆ. ಅವರು ಕುಳಿತರು. ಅವನ ವಕೀಲರಿಗೂ ಕೇಳುವುದು ಹೆಚ್ಚೇನೂ ಉಳಿದಿರಲಿಲ್ಲ. ಚಿಲಕ ಹಾಕಿದ್ದೆಯಾ ಎಂದು ಅವನನ್ನೇ ಕೇಳಿದಾಗ, ಅವನು ನನ್ನ ಕಡೆ ಒಮ್ಮೆ ನೋಡಿ, “ಹೌದ್ರಿ ಸಾಹೇಬ್ರ” ಎಂದ.

ಎರಡು ವರ್ಷದ ಸಜೆಯಾಯಿತು.

ಈಗಲೂ ಹೊಸ ಕೋಣೆಗೆ ಹೋದರೆ ಕುಳಿತುಕೊಳ್ಳುವ ಮೊದಲು ಬಾಗಿಲಿನ ಬಿಜಾಗರಿ ಯಾವ ಮೈಗಿದೆ ಎಂದು ನೋಡುತ್ತೇನೆ. ಬಸ್ಸು ಏರಿನಲ್ಲಿ ನಿಧಾನವಾದರೆ ಅಂಗೈಗಳು ತಾವಾಗಿ ಮುಂದಕ್ಕೆ ಬರುತ್ತವೆ. ಅವನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂಡುತ್ತೇನೆ. ಇವುಗಳ ಜೊತೆ ಹೇಗೋ ಬದುಕಬಹುದು. ಬದುಕಲಾಗದ್ದು, ಆ ದಿನ ಕೋರ್ಟಿನ ಪಡಸಾಲೆಯಲ್ಲಿ ಪೊಲೀಸರು ಅವನನ್ನು ಕರೆದೊಯ್ಯುತ್ತಿದ್ದಾಗ ನಡೆದದ್ದು. ಅವನು ನಿಂತು, ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದ.

“ಮಾಸ್ತರ, ನನ್ನ ಸಲುವಾಗಿ ನೀವು ಕೋರ್ಟಿನ್ಯಾಗ ನಿಂತು ಸುಳ್ಳ ಹೇಳಬೇಕಾತು. ನಿಮ್ಮಂಥವರ ಬಾಯಿಲೆ ಸುಳ್ಳ ಹೇಳಿಸಿದ್ನಲ್ಲಾ ಅಂತ ನನಗ ಭಾಳ ಕೆಡಕ ಅನಸ್ತೈತ್ರಿ. ಮಾಫ ಮಾಡ್ರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಪೊಲೀಸಿನವನು “ನಡೀಲೇ” ಎಂದು ಅವನ ಬಲ ಭುಜಕ್ಕೆ ಕೈ ಹಾಕಿ ಮುಂದೆ ನೂಕಿದ.